ಅಕ್ಕನ ಬಾವಿಯ ನೀರು ಪರೀಕ್ಷೆಗೆ ಹೋದದ್ದು

2024ರ ಸೆಪ್ಟೆಂಬರ್ ಮೊದಲ ಬುಧವಾರ ಬೆಳಿಗ್ಗೆ ಹತ್ತೂವರೆಗೆ, ಹರವೆ ಹೋಬಳಿಯ ಒಂದು ಹಳ್ಳಿಯಲ್ಲಿರುವ ನನ್ನ ಅಕ್ಕನ ಮನೆಯ ಬಾವಿಯಿಂದ ಎರಡು ಬಾಟಲಿ ನೀರು ತೆಗೆದೆವು. ಒಂದು ದೊಡ್ಡ ಬಾಟಲಿ, ಒಂದು ಚಿಕ್ಕದು. ಹನ್ನೆರಡಕ್ಕೆ ಮುಂಚೆ ಎರಡನ್ನೂ ಚಾಮರಾಜನಗರದ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು ಚೀಟಿ ಪಡೆದೆ.

ಕಾರಣ ಅಕ್ಕನ ಮೊಮ್ಮಗಳು. ಅಕ್ಕನ ಒಬ್ಬಳೇ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸಿಗೆ ಮೂರನೇ ತಿಂಗಳು ನಡೆಯುತ್ತಿತ್ತು. ಆಗಸ್ಟ್‌ನಲ್ಲಿ ಎರಡು ಸಲ ಭೇದಿಯಾಗಿತ್ತು. ಎರಡನೇ ಸಲ ಚಾಮರಾಜನಗರದ ಆಸ್ಪತ್ರೆಯಲ್ಲಿ ಮೂರು ದಿನ ಇರಿಸಿಕೊಂಡರು. ತೂಕ ಏರಬೇಕಾದ ತಿಂಗಳಲ್ಲಿ ಇಳಿದಿತ್ತು. ಮನೆಗೆ ಕಳಿಸುವ ದಿನ ವೈದ್ಯರು ಎರಡು ಪ್ರಶ್ನೆ ಕೇಳಿದರು. ಎದೆಹಾಲು ಬಿಟ್ಟು ಕೂಸಿಗೆ ಬೇರೇನಾದರೂ ಕೊಡುತ್ತೀರಾ? ಮನೆಯಲ್ಲಿ ಕುಡಿಯುವ ನೀರು ಎಲ್ಲಿಯದು? ಮೊದಲನೆಯದಕ್ಕೆ ತಾಯಿ, ಮಗಳು ಇಬ್ಬರೂ ಇಲ್ಲ ಎಂದರು. ಎರಡನೆಯದಕ್ಕೆ ಅಕ್ಕ "ನಮ್ದೇ ಬಾವಿ" ಎಂದಳು. ನಾನು ಪಕ್ಕದಲ್ಲಿ ನಿಂತಿದ್ದೆ.

ಅಕ್ಕನ ಅಳಿಯ ಗುಂಡ್ಲುಪೇಟೆಯ ಚೆಂಡು ಹೂವು ಸಂಸ್ಕರಣೆಯ ಘಟಕವೊಂದರಲ್ಲಿ ಹಾಜರಿ ಬರೆಯುವ ಕೆಲಸದಲ್ಲಿದ್ದಾನೆ. ಹೆಚ್ಚು ಮಾತಿನವನಲ್ಲ. ಆಸ್ಪತ್ರೆಯ ಹೊರಗೆ ಬೇವಿನ ಮರದಡಿ ನನ್ನನ್ನು ನಿಲ್ಲಿಸಿಕೊಂಡು ಹೇಳಿದ: "ಮಾವ, ಬಾವಿ ನೀರು ಟೆಸ್ಟ್ ಮಾಡ್ಸಿ. ಸರಿ ಇದ್ರೆ ಐದನೇ ತಿಂಗಳ್ವರ್ಗೂ ಅಲ್ಲೇ ಇರ್ಲಿ. ಸರಿ ಇಲ್ದಿದ್ರೆ ಅವತ್ತೇ ಕರ್ಕೊಂಡೋಯ್ತಿನಿ. ಅತ್ತೆ ಬೇಜಾರ್ ಮಾಡ್ಕೊಂಡ್ರೂ ಅಷ್ಟೆಯ."

ಇದು ಸಣ್ಣ ಮಾತಲ್ಲ. ನಮ್ಮ ಕಡೆ ಬಾಣಂತಿಯನ್ನು ಐದನೇ ತಿಂಗಳಲ್ಲಿ ಮಡಿಲು ತುಂಬಿ, ಕೂಸಿಗೆ ತೊಟ್ಟಿಲು, ಹಾಸಿಗೆ, ಹೊಸ ಬಟ್ಟೆ ಕೊಟ್ಟು, ನಾಲ್ಕು ಜನರನ್ನು ಕರೆದು ಕಳಿಸಬೇಕು. ಅದಕ್ಕೆ ಮುಂಚೆ ಗಂಡನೇ ಬಂದು ಕರೆದುಕೊಂಡು ಹೋದರೆ ತವರಿನಲ್ಲಿ ಏನೋ ಕೊರತೆಯಾಯಿತು ಎಂದೇ ಅರ್ಥ. ಅಕ್ಕ ಈ ಬಾಣಂತನಕ್ಕಾಗಿ ಎಂಟು ತಿಂಗಳಿಂದ ತಯಾರಿ ನಡೆಸಿದ್ದಳು. ಹಿತ್ತಿಲ ಕೋಣೆಗೆ ಗಿಲಾವು ಮಾಡಿಸಿದ್ದಳು. ಮಗಳು ಕತ್ತಲಲ್ಲಿ ದೂರ ಹೋಗಬಾರದೆಂದು ಅದಕ್ಕೆ ಅಂಟಿದಂತೆ ಹೊಸ ಕಕ್ಕಸು, ಬಚ್ಚಲು ಕಟ್ಟಿಸಿದ್ದಳು.

ಬಾವಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮನೆಯ ಹಿಂದೆ, ತೆಂಗಿನ ಮರಕ್ಕೂ ತಿಪ್ಪೆಗೂ ನಡುವೆ ಇದೆ. ಕಲ್ಲು ಕಟ್ಟಿದ ದುಂಡು ಬಾವಿ. ಹತ್ತು ಹನ್ನೆರಡು ವರ್ಷ ಒಣಗಿತ್ತು. ಊರಿನ ಕೆರೆಗೆ ನೀರು ತುಂಬಿಸಲು ಶುರುವಾದ ಮೇಲೆ ಬಾವಿಯಲ್ಲೂ ನೀರು ಬಂತು. ಊರಿಗೆ ಕೊಳವೆಬಾವಿಯ ನಲ್ಲಿ ಇದೆ. ಆದರೆ ಆ ನೀರು ಗಡಸು, ಅದರಲ್ಲಿ ಬೇಳೆ ಬೇಯುವುದಿಲ್ಲ. ಶುದ್ಧ ನೀರಿನ ಘಟಕ ಆ ವರ್ಷ ಬಹುಪಾಲು ಕೆಟ್ಟೇ ಇತ್ತು. ಹೀಗಾಗಿ ಅಕ್ಕಪಕ್ಕದ ಮೂರು ಮನೆಯವರೂ ಅಡುಗೆಗೆ ಅಕ್ಕನ ಬಾವಿಗೇ ಬರುತ್ತಿದ್ದರು. ಅಕ್ಕ ಯಾರಿಗೂ ಇಲ್ಲ ಎಂದವಳಲ್ಲ. ಅವಳಿಗೆ ಊರಿನಲ್ಲಿ ಇದ್ದ ಗೌರವದಲ್ಲಿ ಅರ್ಧ ಆ ನೀರಿನಿಂದ ಬಂದದ್ದು.

ಪರೀಕ್ಷೆಯ ಮಾತು ತೆಗೆದಾಗ ಅವಳು ಅಲಸಂದೆಕಾಯಿ ಸುಲಿಯುತ್ತಿದ್ದಳು.

"ಏನ್ಲಾ, ನನ್ ಬಾವೀನ ಪರೀಕ್ಷೆಗ ಕೂರುಸ್ತಿದ್ದಯಾ?"

"ಒಂದ್ಸಲ ನೋಡನ ಅಂತ."

"ಇವ್ಳ ಮದ್ವೇಲಿ ಇನ್ನೂರೆಲೆ ಬಿತ್ತು. ಇದೇ ನೀರು. ಒಬ್ಬ ಕೆಮ್ಮುನಿಲ್ಲ. ಅವತ್ತು ನೀನೇ ಪಾಯಸ ಮೂರು ಲೋಟ ಕುಡ್ದು ಜಗಲಿ ಮ್ಯಾಲ ಮಲ್ಗಿದ್ದೆ, ಪೇಪರ್ನೋನು."

ಒಳಗಿನಿಂದ ಮಗಳು ನಕ್ಕಳು. ಅಕ್ಕ ನಗಲಿಲ್ಲ. "ಯಾವತ್ತು ಬತ್ತಿಯಾ ಹೇಳು. ಹೇಳ್ದೆ ಕೇಳ್ದೆ ಬರ್ಬೇಡ" ಎಂದಳು. ಬುಧವಾರ ಎಂದೆ.

ಪ್ರಯೋಗಾಲಯದಲ್ಲಿ ನೀರು ನೋಡುವ ಹೆಣ್ಣುಮಗಳು ಉಮ್ಮತ್ತೂರಿನವರು. ದಿನಾ ಬಸ್ಸಿನಲ್ಲಿ ಓಡಾಡುತ್ತಾರೆ. ಚಿಕ್ಕ ಬಾಟಲಿ ಕೊಡುವಾಗ ನನಗೆ ಸ್ಪಷ್ಟವಾಗಿ ಹೇಳಿದ್ದರು: ಬಾಟಲಿಯನ್ನು ಆಗಲೇ ಹಬೆಯಲ್ಲಿ ಶುದ್ಧ ಮಾಡಿದೆ, ತೊಳೆಯಬಾರದು, ಮುಚ್ಚಳದ ಒಳಗೆ ಬೆರಳು ತಾಗಬಾರದು, ಕಂಠದವರೆಗೆ ತುಂಬಬಾರದು, ನಾಲ್ಕೈದು ಗಂಟೆಯೊಳಗೆ ತರಬೇಕು. ನಾನು ಎಲ್ಲವನ್ನೂ ಬರೆದುಕೊಂಡಿದ್ದೆ. ಬುಧವಾರ ಅಕ್ಕ ಬಾಟಲಿಯನ್ನು ನನ್ನ ಕೈಯಿಂದ ಕಿತ್ತುಕೊಳ್ಳಲು ಬಂದಳು. "ತೊಳೀದೆ ನೀರ ತುಂಬ್ತರೇನ್ಲಾ? ನಮ್ ಮನೇಲಿ ಪಾತ್ರೆ ತೊಳೆಯಕೂ ಗತಿ ಇಲ್ಲ ಅನ್ಕತರೆ ಆಪೀಸ್ನೋರು." ನಾನು ಬಾಟಲಿ ಕೊಡಲಿಲ್ಲ. ಭಾವ ಹಗ್ಗ ಹಿಡಿದು ನೀರು ಸೇದಿದರು. ಬಾವಿಕಟ್ಟೆ ಹಿಂದೆಂದೂ ಕಾಣದಷ್ಟು ಚೊಕ್ಕಟವಾಗಿತ್ತು. ರಂಗೋಲಿಯನ್ನೂ ಬಿಟ್ಟಿದ್ದರು. ಒಂದು ಘಾಟು ವಾಸನೆ ಇತ್ತು. ಹೊಸ ಬಚ್ಚಲಿನ ಕಡೆಯಿಂದ ಇರಬೇಕು ಎಂದುಕೊಂಡೆ. ಅದನ್ನು ಬರೆದುಕೊಳ್ಳಲಿಲ್ಲ.

ಶುಕ್ರವಾರ ವರದಿ ಬಂತು. ಕೋಲಿಫಾರ್ಮ್ ಎಂಬ ಸಾಲಿನ ಮುಂದೆ 'ಪತ್ತೆಯಾಗಿಲ್ಲ'. ಇ. ಕೋಲಿ ಎಂಬ ಸಾಲಿನ ಮುಂದೆ 'ಪತ್ತೆಯಾಗಿಲ್ಲ'. ನಾನು ಆ ಎರಡು ಸಾಲು ಓದಿ, ಹಾಳೆಯನ್ನು ಮಡಚಿ, ಗುಂಡ್ಲುಪೇಟೆಗೆ ಫೋನ್ ಮಾಡಿದೆ. ನೀರು ಚೆನ್ನಾಗಿದೆ, ಇರಲಿ ಬಿಡು ಎಂದೆ. ಅಳಿಯ "ಆಯ್ತು ಮಾವ" ಎಂದ. ಅಕ್ಕನಿಗೂ ಹೇಳಿದೆ. "ಫಸ್ಟ್ ಕ್ಲಾಸಾ?" ಎಂದು ಕೇಳಿದಳು. ಫಸ್ಟ್ ಕ್ಲಾಸು ಎಂದೆ.

ಹದಿನಾರು ದಿನಕ್ಕೆ ಕೂಸನ್ನು ಮತ್ತೆ ಆಸ್ಪತ್ರೆಗೆ ಸೇರಿಸಿದರು. ಈ ಸಲ ಕಣ್ಣು ಒಳಗೆ ಹೋಗಿತ್ತು, ಅಳುವ ಶಕ್ತಿ ಇರಲಿಲ್ಲ. ಕೈಗೆ ಸೂಜಿ ಹಾಕಲು ನರ ಸಿಗದೆ ಕಾಲಿಗೆ ಹಾಕಿದ್ದರು. ಅಕ್ಕ ಮಂಚದ ಕೆಳಗೆ ನೆಲದ ಮೇಲೆ ಕೂತಿದ್ದಳು. ವರದಿಯ ಹಾಳೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಬಂದ ನರ್ಸಿಗೆಲ್ಲ ಬಿಚ್ಚಿ ತೋರಿಸುತ್ತಿದ್ದಳು. ಅವರಲ್ಲಿ ಒಬ್ಬರು ಹಾಳೆಯನ್ನು ಪೂರ್ತಿ ಓದಿ ನನ್ನ ಕಡೆ ತಿರುಗಿದರು. "ಇದ್ರಲ್ಲಿ ಕ್ಲೋರಿನ್ ತೋರಿಸ್ತಿದೆಯಲ್ಲ ಸಾರ್. ಬಾವಿಗೆ ಏನಾದ್ರೂ ಹಾಕಿದ್ರಾ?"

ಹಾಳೆಯ ಕೆಳಭಾಗದಲ್ಲಿ 'ಉಳಿಕೆ ಕ್ಲೋರಿನ್' ಎಂಬ ಸಾಲು ಇತ್ತು. ಎದುರಿಗೆ ಒಂದು ಅಂಕಿಯೂ ಇತ್ತು. ಯಾರೂ ಏನೂ ಹಾಕದ ಬಾವಿಯಲ್ಲಿ ಅಲ್ಲಿ ಏನೂ ಇರಬಾರದು. ನಾನು ಆ ಸಾಲು ಓದಿರಲಿಲ್ಲ.

ಭಾವ ಆಸ್ಪತ್ರೆಯ ಕಾಂಪೌಂಡಿನಲ್ಲಿ ಬೀಡಿ ಸೇದುತ್ತಿದ್ದರು. ಕೇಳಿದೆ.

"ಹಾಕಿದ್ದೆ. ಪಂಚಾಯ್ತಿ ನೀರುಗಂಟಿ ತಾವ ಬ್ಲೀಚಿಂಗ್ ಪೌಡ್ರು ಈಸ್ಕೊಂಡ್ ಬಂದು ಮಂಗಳಾರ ಸಾಯಂಕಾಲ ಕದಡಿ ಬುಟ್ಟೆ. ನಿಮ್ಮಕ್ಕನೇ ಹೇಳಿದ್ದು."

"ಯಾಕೆ ಭಾವ?"

"ಪರೀಕ್ಷೆ ಅಂದ್ಯಲ್ಲಪ್ಪ."

ಅಕ್ಕನನ್ನು ಕೇಳಿದಾಗ ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನೆಂಟ್ರು ಬತ್ತರ ಅಂದ್ರ ಮನೆ ಗುಡ್ಸಲ್ವಾ? ಹೆಣ್ ನೋಡಕ್ ಬಂದಾಗ ಹರುಕ್ ಸೀರೆ ಉಡ್ಸಿ ನಿಲ್ಲುಸ್ತರ?" ಅವಳು ಮುಚ್ಚಿಡಲು ಮಾಡಿದ್ದಲ್ಲ. ಪರೀಕ್ಷೆ ಎಂದರೆ ಬಾವಿ ತನ್ನ ಒಳ್ಳೆಯ ಮುಖ ತೋರಿಸಬೇಕಾದ ದಿನ ಎಂದುಕೊಂಡಿದ್ದಳು. ದಿನ ಮುಂಚೆಯೇ ಹೇಳಿದವನು ನಾನು. ನೀರು ತೆಗೆಯುವ ಮುನ್ನ ಕೇಳಬೇಕಾದ ಒಂದು ಪ್ರಶ್ನೆ ಕೇಳದವನೂ ನಾನೇ. ಇಪ್ಪತ್ತೆಂಟು ವರ್ಷದಿಂದ ಪತ್ರಿಕೆಗೆ ಸುದ್ದಿ ಬರೆಯುತ್ತಿದ್ದೇನೆ. ತಪ್ಪಾದರೆ ಮರುದಿನ ತಿದ್ದುಪಡಿ ಹಾಕುವುದು ರೂಢಿ. ಅಂದೇ ಅಳಿಯನಿಗೆ, ನಾನು ಹೇಳಿದ್ದು ತಪ್ಪು, ಆ ವರದಿಯನ್ನು ನಂಬಬೇಡ ಎಂದು ಹೇಳಿದೆ.

ನಾಲ್ಕನೇ ದಿನ ಅವನು ಆಸ್ಪತ್ರೆಯಿಂದಲೇ ಹೆಂಡತಿಯನ್ನೂ ಕೂಸನ್ನೂ ಕಾರಿನಲ್ಲಿ ಗುಂಡ್ಲುಪೇಟೆಗೆ ಕರೆದುಕೊಂಡು ಹೋದ. ಮಡಿಲು ತುಂಬಲಿಲ್ಲ, ತೊಟ್ಟಿಲು ಹೋಗಲಿಲ್ಲ. ಕಾರು ಹೊರಡುವಾಗ ಹೇಳಿದ: "ಬಾವಿ ಸರಿಯಾಗ್ಲಿ ಅತ್ತೆ. ಆಮೇಲೆ ಕಳುಸ್ತಿನಿ." ಅಕ್ಕ ಕಾರಿನೊಳಗೆ ಕೈ ಹಾಕಿ ಕೂಸಿನ ಟೋಪಿ ಸರಿಮಾಡಿದಳು.

ಅಕ್ಟೋಬರ್ ತಿಂಗಳಿಡೀ ಕೂಸು ಗುಂಡ್ಲುಪೇಟೆಯಲ್ಲಿ ಚೆನ್ನಾಗಿತ್ತು. ತೂಕ ಏರಿತು. ಅಕ್ಕ ಹೋಗಿ ನೋಡಲಿಲ್ಲ. ಕರೆಯದೆ ಹೋಗುವುದಿಲ್ಲ ಎಂದು ಕೂತಿದ್ದಳು. ಊರಿನಲ್ಲಿ ಕೇಳಿದವರಿಗೆ ಅಳಿಯನಿಗೆ ಊಟದ ತೊಂದರೆ, ಅದಕ್ಕೆ ಕಳಿಸಿದೆ ಎನ್ನುತ್ತಿದ್ದಳು.

ಆ ತಿಂಗಳು ಮಳೆ ಚೆನ್ನಾಗಿ ಆಯಿತು. ಬಾವಿಯ ನೀರು ನಾಲ್ಕು ಮೆಟ್ಟಿಲು ಮೇಲೆ ಬಂತು. ಮೂರನೇ ವಾರ ನಾನು ಹೇಳದೆ ಕೇಳದೆ ಹೋದೆ. ಚಿಕ್ಕ ಬಾಟಲಿಯ ಜತೆಗೆ ಪ್ರಯೋಗಾಲಯದಿಂದ ಒಂದು ಸೀಸೆಯನ್ನೂ ತಂದಿದ್ದೆ. ಅದರೊಳಗೆ ಔಷಧಿ ಹಚ್ಚಿದ ಕಾಗದದ ಚೂರು ಇರುತ್ತದೆ. ನೀರು ಗುರುತಿನವರೆಗೆ ತುಂಬಿ ಮುಚ್ಚಿ ಇಡಬೇಕು. ಎರಡು ದಿನದಲ್ಲಿ ಕಪ್ಪಾದರೆ ನೀರು ಕುಡಿಯಲು ತಕ್ಕುದಲ್ಲ. ಬಾಟಲಿಯನ್ನು ಪ್ರಯೋಗಾಲಯಕ್ಕೆ ಒಯ್ದೆ. ಸೀಸೆಯನ್ನು ಅಕ್ಕನ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಜಾಡಿಯ ಪಕ್ಕ ಇಟ್ಟೆ.

ಮರುದಿನ ಮಧ್ಯಾಹ್ನ ಅವಳೇ ಫೋನ್ ಮಾಡಿದಳು.

"ಲೋ, ಕಪ್ಪಾಗ್ಬುಟ್ಟದ ಕಣ್ಲಾ."

"ಪೂರ್ತಿನಾ?"

"ಕಾಡ್ಗೆ ಆದಂಗ್ ಆಗದ." ಆಮೇಲೆ ಕೇಳಿದಳು: "ನೀನೇನೂ ಹಾಕ್ನಿಲ್ವಲ್ಲ?"

ಪ್ರಯೋಗಾಲಯದ ವರದಿಯೂ ಅದನ್ನೇ ಹೇಳಿತು. ಕೋಲಿಫಾರ್ಮ್ ಇದೆ. ಇ. ಕೋಲಿ ಇದೆ. ಈ ಸಲ ನಾನು ಎಲ್ಲ ಸಾಲನ್ನೂ ಓದಿ, ಅರ್ಥವಾಗದ್ದನ್ನು ಉಮ್ಮತ್ತೂರಿನ ಹೆಣ್ಣುಮಗಳನ್ನು ಕೇಳಿದೆ. ಅವರು ಹೇಳಿದ್ದನ್ನು ಬರೆದುಕೊಂಡಿದ್ದೇನೆ: "ಬಾವಿ ನೀರಲ್ಲಿ ಲೆಕ್ಕ ಇಲ್ದಷ್ಟು ಜೀವ ಇರ್ತವೆ ಸಾರ್. ಅವುಗಳ ಪಾಡಿಗೆ ಅವು ಇರ್ತವೆ, ಕೊಳೆತದ್ದನ್ನ ತಿಂದು ನೀರನ್ನ ಒಂದು ಹದದಲ್ಲಿ ಇಟ್ಟಿರ್ತವೆ. ಮಣ್ಣಿಂದ, ಎಲೆಯಿಂದ ಬಂದದ್ದು ಸ್ವಲ್ಪ ಕಂಡ್ರೆ ನಾವು ಗಾಬರಿ ಆಗಲ್ಲ, ಕಾಯಿಸಿ ಕುಡೀರಿ ಅಂತೀವಿ. ಆದ್ರೆ ಇ. ಕೋಲಿ ಕರುಳಿಂದ ಬರೋದು. ಮನುಷ್ಯರದೋ ದನದ್ದೋ, ಎಲ್ಲಿಂದಾನೋ ಕಕ್ಕಸು ನೀರೊಳಗೆ ಸೇರ್ತಿದೆ ಅಂತ ಅರ್ಥ." ಎಲ್ಲಿಂದ ಎಂದು ಕೇಳಿದೆ. "ಅದನ್ನ ವರದಿ ಹೇಳಲ್ಲ. ನೀವು ಹೋಗಿ ನೋಡ್ಬೇಕು."

ಹೋಗಿ ನೋಡಿದೆ. ತಿಪ್ಪೆ ಬಾವಿಯಿಂದ ಹನ್ನೆರಡು ಹೆಜ್ಜೆ. ಅದು ಮೊದಲಿನಿಂದಲೂ ಅಲ್ಲೇ ಇತ್ತು. ಹೊಸ ಕಕ್ಕಸಿನ ಗುಂಡಿ ಎಂಟು ಹೆಜ್ಜೆ, ಅದೂ ಬಾವಿಗಿಂತ ಎತ್ತರದ ಕಡೆ. ತಳಕ್ಕೆ ಏನೂ ಹಾಕಿಲ್ಲ, ಸಿಮೆಂಟ್ ಉಂಗುರ ಇಳಿಸಿ ಮುಚ್ಚಿದ್ದಾರೆ. ಭಾವ ನನ್ನ ಹಿಂದೆ ಹೆಜ್ಜೆ ಎಣಿಸುತ್ತಾ ಬಂದರು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಅಂದಿನಿಂದ ಅಕ್ಕನ ಮನೆಯಲ್ಲಿ ನೀರು ಕಾಯಿಸುವುದು ಶುರುವಾಯಿತು. ಅವಳು ಯಾವುದನ್ನೂ ಅರ್ಧ ಮಾಡುವವಳಲ್ಲ. ಮದುವೆಯ ಹಂಡೆ ಇಳಿಸಿ ಬೆಳಿಗ್ಗೆ ಒಂದು ಒಲೆ, ಸಂಜೆ ಒಂದು ಒಲೆ. ಪಕ್ಕದ ಮೂರು ಮನೆಯವರಿಗೂ ತಾನೇ ಹೋಗಿ ಹೇಳಿದಳು: "ನನ್ ಬಾವಿ ಕೆಟ್ಟದ ಕಣ್ರವ್ವ. ಕಾಯ್ಸದೆ ಕುಡೀಬೇಡಿ." ಆ ಮಾತು ಹೇಳುವಾಗ ನಾನು ಜತೆಯಲ್ಲಿದ್ದೆ. ಮೂರನೇ ಮನೆಯ ಮುದುಕಿ, "ನಿನ್ ಅಳಿಯ ಏಳ್ಕೊಟ್ನಾ?" ಎಂದಳು. ಅಕ್ಕ ಮನೆಗೆ ಬಂದು ಸಂಜೆಯ ಒಲೆ ಹೊತ್ತಿಸಿದಳು.

ದೀಪಾವಳಿಗೆ ಅಳಿಯನೇ ಫೋನ್ ಮಾಡಿ, ಭಾನುವಾರ ಬನ್ನಿ ಅತ್ತೆ ಎಂದ. ನವೆಂಬರ್ ಮೊದಲ ಭಾನುವಾರದಿಂದ ಅಕ್ಕ ಪ್ರತಿ ವಾರ ತೆರಕಣಾಂಬಿ ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದಳು. ವೈರಿನ ಬುಟ್ಟಿಯಲ್ಲಿ ರಾಗಿ ಹಿಟ್ಟು, ಸೊಪ್ಪು, ಬಾಳೆಕಾಯಿ. ಮಾತು ಮತ್ತೆ ಸರಾಗವಾಯಿತು. ಗುಂಡಿ ಮುಚ್ಚಿ ಬೇರೆ ಕಡೆ ತೋಡಲು ಭಾವ ಒಪ್ಪಿದ್ದರು. ಸಂಕ್ರಾಂತಿಗೆ ಕೂಸನ್ನು ಕರೆತರುವ ಮಾತೂ ಆಗಿತ್ತು.

ನವೆಂಬರ್ ಹದಿನೆಂಟು, ಸೋಮವಾರ. ಅಕ್ಕನ ಮಗಳ ಫೋನ್: "ಮಾಮ, ಮತ್ತೆ ಶುರುವಾಗದೆ." ಬೇಗ ಗುಣವಾಯಿತು, ಆಸ್ಪತ್ರೆಗೆ ಸೇರಿಸಬೇಕಾಗಲಿಲ್ಲ. ಮುಂದಿನ ಸೋಮವಾರ ರಾತ್ರಿ ಮತ್ತೆ. ಅಳಿಯನ ಗೊಂದಲ ನನಗೆ ಅರ್ಥವಾಗುತ್ತಿತ್ತು. ಬಾವಿಯಿಂದ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ದೂರ ಬಂದಾಗಿದೆ. ಮನೆಗೆ ಕ್ಯಾನ್ ನೀರು ಬರುತ್ತದೆ. ಮೇಲಿನ ಮನೆಯ ಮಲಯಾಳಿ ಅಮ್ಮನಿಂದ ಕಲಿತು ಹೆಂಡತಿ ಆ ಕ್ಯಾನ್ ನೀರನ್ನೂ ಯಾವುದೋ ಮರದ ಕೆಂಪು ಚಕ್ಕೆ ಹಾಕಿ ಕುದಿಸಿಯೇ ಕುಡಿಯುತ್ತಾಳೆ. "ಹಂಗಾದ್ರೆ ಬಾವಿ ಅಲ್ವಾ ಮಾವ?" ಎಂದು ಕೇಳಿದ. ಗೊತ್ತಿಲ್ಲ ಎಂದೆ.

ನನ್ನ ಡೈರಿಯಲ್ಲಿ ತಾರೀಖುಗಳನ್ನು ನೋಡಿದೆ. ಎರಡೂ ಸೋಮವಾರ. ಎರಡಕ್ಕೂ ಹಿಂದಿನ ದಿನ ಭಾನುವಾರ. ಬಸ್ಸಿನ ಧೂಳು, ಕೈ ತೊಳೆಯದೆ ಎತ್ತಿಕೊಳ್ಳುವುದು, ಹೀಗೆ ಏನೇನೋ ಯೋಚಿಸಿದೆ. ಡಿಸೆಂಬರ್ ಮೊದಲ ಭಾನುವಾರ ನಾನೂ ಅಕ್ಕನ ಜತೆ ಬಸ್ ಹತ್ತಿದೆ. ಯಾಕೆ ಎಂದು ಹೇಳಲಿಲ್ಲ.

"ಏನ್ಲಾ, ನಿಂಗೂ ಮೊಮ್ಮಗ್ಳು ಜ್ಞಾಪಕ ಬಂದ್ಲಾ?" ಎಂದಳು. ಕಿಟಕಿಯ ಪಕ್ಕದ ಸೀಟು ನನಗೆ ಬಿಡಲಿಲ್ಲ. ಬುಟ್ಟಿಯನ್ನು ತೊಡೆಯ ಮೇಲಿಂದ ಇಳಿಸಲೂ ಇಲ್ಲ.

ಅಳಿಯ ಭಾನುವಾರದ ಅರ್ಧ ದಿನದ ಕೆಲಸಕ್ಕೆ ಹೋಗಿದ್ದ. ಮಧ್ಯಾಹ್ನ ಎರಡಕ್ಕೆ ಬರುವವನು. ಅಕ್ಕ ಮನೆಯೊಳಗೆ ಬಂದವಳೇ ಕೈಕಾಲು ತೊಳೆದಳು, ಸೋಪು ಹಾಕಿ, ಮೊಣಕೈವರೆಗೆ. ಆಮೇಲೆ ಕೂಸನ್ನು ಎತ್ತಿಕೊಂಡಳು. ಮಗಳು ಕೆಂಪು ನೀರು ತಂದು ಕೊಟ್ಟಳು. ಅಕ್ಕ ಲೋಟವನ್ನು ಬೆಳಕಿಗೆ ಹಿಡಿದು, "ಇದೇನಮ್ಮಿ, ಆರತಿ ನೀರ ಕುಡೀತಿದ್ದರಿ" ಎಂದಳು. ಕುಡಿದಳು. ನಾನು ನೋಡುತ್ತಾ ಕೂತಿದ್ದೆ. ತಪ್ಪು ಕಾಣಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವಳು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಬುಟ್ಟಿಯಿಂದ ಒಂದು ಬಟ್ಟೆಯ ಗಂಟು ತೆಗೆದಳು. ಅಂಗೈಯಗಲದ ಒಂದು ತೇಯುವ ಕಲ್ಲು. ಬಜೆ, ಜಾಯಿಕಾಯಿ, ಅಳಲೆಕಾಯಿ, ಅರಿಶಿನದ ಕೊಂಬು, ಎಲ್ಲ ತೇದು ತೇದು ಒಂದೊಂದು ಕಡೆ ಸವೆದವು. ಕೊನೆಗೆ, ಕೆಮ್ಮಿನ ಔಷಧಿಯ ಹಳೆಯ ಸೀಸೆಯಲ್ಲಿ ತಿಳಿ ನೀರು. ಕಲ್ಲಿನ ಮೇಲೆ ನಾಲ್ಕು ಹನಿ ಬಿಟ್ಟು ಬಜೆ ತೇಯತೊಡಗಿದಳು.

"ಅಕ್ಕ, ಅದ್ಯಾವ ನೀರು?"

"ನಮ್ ಬಾವೀದು."

"ಕಾಯ್ಸಿದ್ದಾ?"

"ಮದ್ದು ತೇಯೋ ನೀರ ಯಾರಾದ್ರೂ ಕಾಯುಸ್ತರೇನ್ಲಾ? ಕಾಯುಸ್ದ್ರ ಅದ್ರಲ್ಲಿ ಏನಿರ್ತದ, ಮದ್ದು ಇಡಿಯದೇ ಇಲ್ಲ."

"ಇಲ್ಲಿ ಕ್ಯಾನ್ ನೀರು ಇತ್ತಲ್ಲ."

"ಕ್ಯಾನ್ ನೀರ್ಲಿ ಬಜೆ ತೇದ್ರ ಈ ಕೂಸು ಮಾತ್ ಕಲಿಯೊತ್ಗ ನಾ ಸತ್ ಮಣ್ಣಾಗಿರ್ತಿನಿ. ಹುಟ್ಟಿದ್ ನೆಲದ್ ನೀರೇ ಆಗ್ಬೇಕು."

ಅಕ್ಕನ ಮಗಳು ಒಲೆಯ ಮುಂದಿನಿಂದ ತಿರುಗಿ ನೋಡಿದಳು. ಅವಳಿಗೆ ಆಗಲೇ ಅರ್ಥವಾಗಿತ್ತೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಊರ್ಲಿದ್ದಾಗ್ಲೂ ಇದನ್ನ ಕೊಡ್ತಿದ್ದೆಯಾ?" ಎಂದು ಕೇಳಿದೆ.

"ವಾರಕ್ಕ ಎರಡ್ಸಲ, ಎಣ್ಣೆನೀರ್ ಆದ್ ದಿನ."

"ಡಾಕ್ಟ್ರು ಕೇಳ್ದಾಗ ಏನೂ ಕೊಡಲ್ಲ ಅಂದ್ಯಲ್ಲ."

"ಕೊಟ್ಟಿಲ್ವಲ್ಲ." ಅವಳು ನಿಜವಾಗಿಯೂ ಆಶ್ಚರ್ಯಪಟ್ಟಳು. "ಇದು ಕೊಡದಾ? ಮೂರ್ ಸುತ್ತು ತೇದು ನಾಲ್ಗೆಗ ಸವರದು. ಇವ್ಳಿಗೂ ಸವರ್ದೆ. ನಿಂಗೂ ಅವ್ವ ಇದೇ ಕಲ್ಲಲ್ಲಿ ಸವರಿದ್ಲು. ಇದ್ನ ಯಾರಾದ್ರೂ ಕೊಡದು ಅಂದರ?"

ಅವಳು ಸುಳ್ಳು ಹೇಳಿರಲಿಲ್ಲ. ಮಗಳೂ ಹೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಕೊಡುವುದು ಎಂದರೆ ಹಾಲು, ಗಂಜಿ, ನೀರು. ತೇದು ಸವರುವುದನ್ನು ಸ್ನಾನ ಮಾಡಿಸುವುದು, ಹೊಗೆ ಹಾಕುವುದು, ದೃಷ್ಟಿ ತೆಗೆಯುವುದು, ಇವುಗಳ ಜತೆ ಸೇರಿಸುತ್ತೇವೆ. ಅಕ್ಟೋಬರ್‌ನಿಂದ ಎರಡೂ ಮನೆಯಲ್ಲಿ ದೊಡ್ಡವರು ಕುಡಿಯುವ ಪ್ರತಿ ಲೋಟವೂ ಕುದಿದ ನೀರಾಗಿತ್ತು. ಕುದಿಯದ ನಾಲ್ಕು ಹನಿ ಮಾತ್ರ ಕೂಸಿನ ನಾಲಿಗೆಗೆ ಹೋಗುತ್ತಿತ್ತು.

ಅಕ್ಕ ತೇಯುವುದನ್ನು ನಿಲ್ಲಿಸಿದ್ದಳು. ಬೆರಳ ತುದಿಯಲ್ಲಿ ಬಜೆಯ ಗಂಧ ಅಂಟಿತ್ತು.

"ಆ ಕಪ್ಪಾಯ್ತಲ್ಲ, ಅದೇ ನೀರಾ ಇದು?"

"ಅದೇ."

"ಹಂಗಾರ ನಾನೇ ಕೊಟ್ನಾ?"

ಗೊತ್ತಿಲ್ಲ ಅಕ್ಕ, ಎಂದೆ. ಅದು ಸಮಾಧಾನದ ಮಾತಾಗಿರಲಿಲ್ಲ. ಭೇದಿಗೆ ಬೇರೆ ಕಾರಣವೂ ಇರಬಹುದು. ನೀರಿನ ವರದಿ ನೀರಿನ ವಿಷಯ ಹೇಳುತ್ತದೆ, ಕೂಸಿನ ವಿಷಯ ಹೇಳುವುದಿಲ್ಲ. ಅದನ್ನೇ ಅವಳಿಗೆ ಹೇಳಿದೆ. ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

"ನಂಗೂ ಇದೇ ಬಾವಿ ನೀರಲ್ವಾ ಅವ್ವ?" ಎಂದು ಮಗಳು ಕೇಳಿದಳು. "ನಂಗೇನೂ ಆಗ್ಲಿಲ್ವಲ್ಲ."

"ಆಗ ಗುಂಡಿ ಇರ್ನಿಲ್ಲ ಕಣಮ್ಮಿ," ಎಂದಳು ಅಕ್ಕ. ಸೀಸೆಯ ನೀರನ್ನು ಬಚ್ಚಲಿಗೆ ಸುರಿದು ಬಂದಳು. ಕಲ್ಲನ್ನು ತೊಳೆದು, ಒರೆಸಿ, ಗಂಟು ಕಟ್ಟಿದಳು.

ಮಗಳು ದನಿ ತಗ್ಗಿಸಿ, ಇದನ್ನು ತನ್ನ ಗಂಡನಿಗೆ ಹೇಳುವುದು ಬೇಡ ಎಂದಳು. ಹೇಳಿದರೆ ಅವ್ವನನ್ನು ಮನೆಗೆ ಸೇರಿಸುವುದಿಲ್ಲ, ಕೂಸು ಹರವೆ ಕಡೆ ತಲೆ ಹಾಕುವ ಹಾಗೂ ಇಲ್ಲ ಎಂದಳು. ನನ್ನ ಕಡೆ ನೋಡಿದಳು. ಅಕ್ಕನೇ ಹೇಳಿದಳು: "ಅಂವ ನವೆಂಬರ್ನಿಂದ ತಲೆ ಕೆರ್ಕತಾ ಅವ್ನೆ. ಇನ್ನೊಂದ್ ಸಲ ಕೂಸ್ಗ ಆದ್ರ ಎಲ್ಲೆಲ್ಲೋ ಹುಡುಕ್ತನ. ಬುಡು, ನಾನೇ ಏಳ್ತಿನಿ."

ಎರಡೂಕಾಲು ಗಂಟೆಗೆ ಅಳಿಯ ಬಂದ. ಅಂಗಿಯ ತುಂಬ ಚೆಂಡು ಹೂವಿನ ವಾಸನೆ. ಕೈ ತೊಳೆದು ತಟ್ಟೆಯ ಮುಂದೆ ಕೂತ. ಅಕ್ಕ ಅವನಿಗೆ ಮುದ್ದೆ ಇಟ್ಟು, ಸಾರು ಬಿಟ್ಟು, ಎದುರಿಗೆ ನಿಂತೇ ಹೇಳಿದಳು. ಕಲ್ಲು, ಬಜೆ, ಸೀಸೆಯ ನೀರು, ಎಷ್ಟು ಸಲ, ಯಾವ ಯಾವ ದಿನ. ಯಾವುದನ್ನೂ ಬಿಡಲಿಲ್ಲ, ಅಳಲಿಲ್ಲ. ನಾನು ಕೇಳಿದ ಹೇಳಿಕೆಗಳಲ್ಲಿ ಅಷ್ಟು ಪೂರ್ತಿಯಾದವು ಕಡಿಮೆ.

ಅವನು ಮುದ್ದೆ ಮುರಿದವನು ಹಾಗೇ ಕೂತಿದ್ದ.

"ನೀವು ಏಳ್ದೇ ಇದ್ದಿದ್ರೆ ನಂಗ್ ಗೊತ್ತೇ ಆಯ್ತಿರ್ಲಿಲ್ಲ ಅತ್ತೆ."

"ಅದ್ಕೇ ಏಳ್ದೆ."

"ಕಲ್ಲು ಇಲ್ಲೇ ಇರ್ಲಿ. ನೀವು ಬರ್ತಾ ಇರಿ. ಗುಂಡಿ ತೆಗ್ಸಿ." ಮುದ್ದೆ ಬಾಯಿಗಿಟ್ಟ. ನುಂಗಿ ಮುಗಿಸಿ, "ಬಾವಿ ನೀರು ಮೂರ್ ಸಲ ಚೆನ್ನಾಗಿದೆ ಅಂತ ಬರ್ಬೇಕು. ಒಂದ್ ಸಲ ಅಲ್ಲ. ಆಮೇಲೆ ಕೂಸನ್ನ ಕಳುಸ್ತಿನಿ" ಎಂದ. ನನ್ನ ಕಡೆ ನೋಡಲಿಲ್ಲ. ನನಗೆ ಹೇಳಿದ್ದೆಂದು ಗೊತ್ತಾಯಿತು.

ಮರುವಾರ ಗುಂಡ್ಲುಪೇಟೆಯ ಮಕ್ಕಳ ವೈದ್ಯರಿಗೆ ಮಗಳು, ಅಳಿಯ ಎಲ್ಲವನ್ನೂ ಹೇಳಿದರು. ವೈದ್ಯರು, ತೇಯುವುದನ್ನು ಪೂರ್ತಿ ಬಿಡಿ ಎಂದರು. ಕುದಿಸಿದ ನೀರಿನಲ್ಲೂ ಬೇಡವೇ ಎಂದು ಅಕ್ಕ ಮಗಳಿಂದ ಕೇಳಿಸಿದಳು. ಬೇಡ ಎಂದರು. ಬಿಟ್ಟಳು.

2025ರ ಜನವರಿಯಲ್ಲಿ ಹಳೆಯ ಗುಂಡಿಯನ್ನು ಖಾಲಿ ಮಾಡಿಸಿ, ಸುಣ್ಣ ಹಾಕಿ, ಮಣ್ಣು ತುಂಬಿದರು. ಹೊಸ ಗುಂಡಿಯನ್ನು ಮನೆಯ ಮುಂದೆ, ಇಳಿಜಾರಿನ ಕಡೆ, ಬಾವಿಯಿಂದ ಐವತ್ತು ಹೆಜ್ಜೆ ದೂರದಲ್ಲಿ ತೋಡಿದರು. ಕಕ್ಕಸೂ ಮುಂದಕ್ಕೆ ಬಂತು. ಬೀದಿಗೆ ಕಾಣುವ ಹಾಗೆ ಕಕ್ಕಸು ಕಟ್ಟಿದ್ದಾಳೆ ಎಂದು ಮೂರನೇ ಮನೆಯ ಮುದುಕಿ ಹೇಳಿಕೊಂಡು ತಿರುಗಿದಳು. ತಿಪ್ಪೆಯನ್ನು ಭಾವ ಹೊಲಕ್ಕೆ ಸಾಗಿಸಿದರು. ಬಾವಿಕಟ್ಟೆಯ ಬಿರುಕಿಗೆ ಸಿಮೆಂಟು ಹಾಕಿದರು. ನೀರೆಲ್ಲ ಹೊರಗೆ ಹಾಕಿ, ಹೂಳು ತೆಗೆದು, ಬ್ಲೀಚಿಂಗ್ ಪುಡಿ ಹಾಕಿ, ಆಮೇಲೆ ಅದು ಪೂರ್ತಿ ಹೋಗುವವರೆಗೆ ಬಿಟ್ಟರು.

ಫೆಬ್ರವರಿಯ ಮಾದರಿಯಲ್ಲಿ ಇ. ಕೋಲಿ ಇತ್ತು. ಮಣ್ಣಿನಲ್ಲಿ ಇಳಿದದ್ದು ಬೇಗ ಹೋಗುವುದಿಲ್ಲ, ಕಾಯಬೇಕು ಎಂದರು ಪ್ರಯೋಗಾಲಯದವರು. ಮಾರ್ಚ್‌ನಲ್ಲಿ ಕೋಲಿಫಾರ್ಮ್ ಇತ್ತು, ಇ. ಕೋಲಿ ಇರಲಿಲ್ಲ. ಏಪ್ರಿಲ್‌ನಲ್ಲೂ ಹಾಗೇ. ಪ್ರತಿ ಸಲವೂ ನಾನು ಹೇಳದೆ ಕೇಳದೆ ಹೋಗುತ್ತಿದ್ದೆ. ಬಾಟಲಿ ಮುಚ್ಚುವ ಮುನ್ನ ಅಕ್ಕನನ್ನು ಒಂದು ಪ್ರಶ್ನೆ ಕೇಳುತ್ತಿದ್ದೆ. "ಏನೂ ಹಾಕಿಲ್ಲ ಕಣ್ಲಾ, ಆಣೆ ಮಾಡ್ಲಾ?" ಎನ್ನುತ್ತಿದ್ದಳು. ವರದಿಯ ಕೆಳಗಿನ ಕ್ಲೋರಿನ್ ಸಾಲನ್ನು ಮೊದಲು ಓದುತ್ತಿದ್ದೆ.

ಮೇ ತಿಂಗಳಲ್ಲಿ ಎರಡು ಮೂರು ಮಳೆಯಾದ ಮೇಲೆ ತೆಗೆದ ಮಾದರಿಯಲ್ಲೂ ಇ. ಕೋಲಿ ಪತ್ತೆಯಾಗಲಿಲ್ಲ. ಕಾಯಿಸಿಯೇ ಕುಡಿಯಬೇಕು ಎಂದು ಕೆಳಗೆ ಕೈಯಲ್ಲಿ ಬರೆದಿದ್ದರು. ಮೂರು ವರದಿಗಳ ಫೋಟೊ ತೆಗೆದು ಅಳಿಯನಿಗೆ ಕಳಿಸಿದೆ.

ಜೂನ್ ಎರಡನೇ ಭಾನುವಾರ ಅವನೇ ಹೆಂಡತಿಯನ್ನೂ ಕೂಸನ್ನೂ ಕರೆದುಕೊಂಡು ಬಂದು ಬಿಟ್ಟುಹೋದ. ಕೂಸಿಗೆ ಆಗ ಒಂದು ವರ್ಷ ತುಂಬಿತ್ತು, ಗೋಡೆ ಹಿಡಿದು ನಿಲ್ಲುತ್ತಿತ್ತು. ಇದನ್ನು ಬರೆಯುವ ಹೊತ್ತಿಗೆ ಅದು ಅಕ್ಕನ ಮನೆಗೆ ಬಂದು ಹನ್ನೊಂದು ದಿನವಾಗಿದೆ. ಸೋಮವಾರ ಬಾವಿಯಿಂದ ಇನ್ನೊಂದು ಬಾಟಲಿ ನೀರು ಕೊಟ್ಟಿದ್ದೇನೆ. ವರದಿ ಇನ್ನೂ ಬಂದಿಲ್ಲ.